ಹಿಂದಿನ ಸ್ಪಾಯ್ಲರ್ ಮತ್ತು ಹೈವೇ ಮೈಲೇಜ್: ನಿಮ್ಮ ಕಾರಿನಲ್ಲೇ ಅಳೆದು ನೋಡುವ ಸಮಗ್ರ ಮಾರ್ಗದರ್ಶಿ

ನನ್ನ ಹಳೇ ಸೆಡಾನ್‌ನ ಡಿಕ್ಕಿ ಮೇಲೆ ಒಂದು ದೊಡ್ಡ ರೆಕ್ಕೆ ಇತ್ತು. ಎರಡು ಕಾಲಿನ ಮೇಲೆ ನಿಂತ, ವಿಮಾನದಿಂದ ಕಿತ್ತು ತಂದಂಥ ರೆಕ್ಕೆ. ಕೂರಿಸಿದ ಅಂಗಡಿಯವರು "ಹೈವೇನಲ್ಲಿ ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ ಬರುತ್ತೆ ಸಾರ್" ಅಂದಿದ್ದರು. ನಾನೂ ನಂಬಿದೆ. ಅದಾದ ಮೇಲೆ ಒಂದು ಸಲ ಊರಿಗೆ ಹೋಗಿ ಬಂದಾಗ ಮೈಲೇಜ್ ನಿಜಕ್ಕೂ ಹೆಚ್ಚಾಗಿತ್ತು! ಆ ಸಲ ಅಮ್ಮ ಜೊತೆಗಿದ್ದರು, 80 ದಾಟಲು ಬಿಟ್ಟಿರಲಿಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಸ್ಪಾಯ್ಲರ್ ವಿಷಯದಲ್ಲಿ ಎಲ್ಲರೂ ಎಡವುವುದು ಇಲ್ಲೇ. ಅದರ ಪರಿಣಾಮ ಇದೆ, ಆದರೆ ಬಹಳ ಚಿಕ್ಕದು. ನಾವು ಮೈಲೇಜ್ ಅಳೆಯುವ ರೀತಿಯಲ್ಲಿರುವ ತಪ್ಪು ಅದಕ್ಕಿಂತ ದೊಡ್ಡದು. ಹಾಗಾಗಿ ಈ ಬರಹದಲ್ಲಿ ಸ್ಪಾಯ್ಲರ್ ಬಗ್ಗೆ ಎಷ್ಟಿದೆಯೋ ಅಷ್ಟೇ ಅಳತೆಯ ಬಗ್ಗೆಯೂ ಇದೆ.

ಮೊದಲು ಗಾಳಿಯ ಲೆಕ್ಕ

ತುಂಗಭದ್ರೆಯಲ್ಲಿ ಹರಿಗೋಲು ನೋಡಿದ್ದೀರಲ್ವಾ? ದುಂಡಗಿರುತ್ತದೆ. ಹುಟ್ಟು ಹಾಕುವವನಿಗೆ ಕಷ್ಟ. ಅದೇ ಉದ್ದನೆಯ ದೋಣಿ ಸಲೀಸಾಗಿ ಹೋಗುತ್ತದೆ. ಮುಂದಿನ ಮೂತಿ ಚೂಪಾಗಿದ್ದರೆ ಸಾಕು ಅಂತ ನಮಗೆ ಅನಿಸುತ್ತದೆ. ಆದರೆ ಹಿಂದೆ ನೀರು ಮತ್ತೆ ಹೇಗೆ ಕೂಡಿಕೊಳ್ಳುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಕಾರಿಗೂ ಹಾಗೆಯೇ. ಚಾವಣಿ ಮೇಲೆ ಹರಿದು ಬಂದ ಗಾಳಿ ಹಿಂದೆ ನೀಟಾಗಿ ಕೂಡಿಕೊಳ್ಳದೆ ಸುಳಿ ಸುಳಿಯಾಗಿ ಒಡೆಯುತ್ತದೆ. ಅಲ್ಲಿ ಒತ್ತಡ ಕಡಿಮೆ. ಆ ಕಡಿಮೆ ಒತ್ತಡ ಕಾರನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಮಣ್ಣಿನ ರಸ್ತೆಯಲ್ಲಿ ಹೋಗುವ ಬಸ್ಸಿನ ಹಿಂದೆ ಕೆಂಧೂಳು ಸುತ್ತುತ್ತಾ ಬಸ್ಸನ್ನೇ ಹಿಂಬಾಲಿಸುತ್ತದಲ್ಲ, ಆ ಸುಳಿಯೇ ಇದು.

ಈಗ ಸಂಖ್ಯೆಗೆ ಬರೋಣ. ಒಂದು ಸಾಧಾರಣ ಹ್ಯಾಚ್‌ಬ್ಯಾಕ್ ತಗೊಳ್ಳಿ. ಚಾಲಕನೂ ಸೇರಿ ತೂಕ ಸುಮಾರು 1,150 ಕಿಲೋ. ಗಾಳಿ ತಡೆಯ ಗುಣಾಂಕ, ಅಂದರೆ ಕಾರಿನ ಆಕಾರ ಗಾಳಿಗೆ ಎಷ್ಟು ಅಡ್ಡ ಬರುತ್ತದೆ ಅನ್ನುವ ಸಂಖ್ಯೆ, 0.33. ಮುಂದಿನಿಂದ ಕಾಣುವ ವಿಸ್ತೀರ್ಣ 2.1 ಚದರ ಮೀಟರ್. ನಮ್ಮ ಬಯಲುಸೀಮೆಯ ಎತ್ತರದ ಗಾಳಿಯಲ್ಲಿ ಇದರ ಮೇಲೆ ಬೀಳುವ ತಡೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುಮಾರು 45 ನ್ಯೂಟನ್. 80ರಲ್ಲಿ ಸುಮಾರು 190. 100ರಲ್ಲಿ ಸುಮಾರು 290. ಟೈರು ಉರುಳುವಾಗಿನ ತಡೆ ಮಾತ್ರ ವೇಗ ಎಷ್ಟಿದ್ದರೂ ಹೆಚ್ಚುಕಡಿಮೆ 120ರ ಆಸುಪಾಸಿನಲ್ಲೇ ಇರುತ್ತದೆ.

ಅಂದರೆ ಊರೊಳಗೆ ಸ್ಪಾಯ್ಲರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಗಾಳಿಗೆ ಏನು ಕೆಲಸ? ಹೈವೇನಲ್ಲಿ 100ರ ವೇಗ ಮುಟ್ಟಿದಾಗ ಒಟ್ಟು ತಡೆಯಲ್ಲಿ ಸುಮಾರು 70% ಗಾಳಿಯದೇ.

ಸ್ಪಾಯ್ಲರ್ ಗಾಳಿಯ ತಡೆಯನ್ನು 2% ಇಳಿಸಿತು ಅಂತಿಟ್ಟುಕೊಳ್ಳಿ. 290ರಲ್ಲಿ 2% ಅಂದರೆ 6 ನ್ಯೂಟನ್. ಟೈರಿನ 120 ಸೇರಿ ಒಟ್ಟು 410ರಲ್ಲಿ ಅದು 1.4%. ಎಂಜಿನ್ ದಾಟಿ ಪೆಟ್ರೋಲ್ ಲೆಕ್ಕಕ್ಕೆ ಬರುವಾಗ ಇನ್ನಷ್ಟು ಸವೆದು 1% ಹತ್ತಿರ ನಿಲ್ಲುತ್ತದೆ. ಲೀಟರಿಗೆ 18 ಕೊಡುತ್ತಿದ್ದ ಕಾರು 18.2 ಕೊಡಬಹುದು. ಎರಡು ಕಿಲೋಮೀಟರ್ ಅಲ್ಲ, ಇನ್ನೂರು ಮೀಟರ್.

ಹೆಜ್ಜೆ 1: ನಿಮ್ಮ ಕಾರಿನ ಬೆನ್ನು ನೋಡಿ

ಸ್ಪಾಯ್ಲರ್ ಅಂತ ನಾವು ಕರೆಯುವುದರಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ. ಹ್ಯಾಚ್‌ಬ್ಯಾಕ್, ಎಸ್‌ಯುವಿಗಳ ಚಾವಣಿಯ ಹಿಂದಿನ ಅಂಚಿನಲ್ಲಿ ಸ್ವಲ್ಪ ಚಾಚಿಕೊಂಡಿರುವುದು ರೂಫ್ ಸ್ಪಾಯ್ಲರ್. ಸೆಡಾನ್ ಡಿಕ್ಕಿಯ ಅಂಚಿಗೆ ಅಂಟಿದ, ಎರಡು ಬೆರಳು ಎತ್ತರದ ಪಟ್ಟಿ ಲಿಪ್ ಸ್ಪಾಯ್ಲರ್. ಕಾಲಿನ ಮೇಲೆ ನಿಂತು ಅಡಿಯಿಂದಲೂ ಗಾಳಿ ಹೋಗುವಂತೆ ಇರುವುದು ರೆಕ್ಕೆ, ಅಂದರೆ ವಿಂಗ್.

ಮೊದಲಿನ ಎರಡು ಗಾಳಿಯ ಹರಿವನ್ನು ಬದಲಿಸುತ್ತವೆ. ಮೂರನೆಯದು ಗಾಳಿಯನ್ನು ಮೇಲಕ್ಕೆ ತಳ್ಳಿ ಕಾರನ್ನು ನೆಲಕ್ಕೆ ಒತ್ತುತ್ತದೆ. ಈ ಒತ್ತುವಿಕೆ ಪುಕ್ಕಟೆ ಬರುವುದಿಲ್ಲ. ಅದಕ್ಕೆ ಪೆಟ್ರೋಲ್ ಸುಡಬೇಕು. ರೇಸ್ ಕಾರಿಗೆ ತಿರುವಿನಲ್ಲಿ ಹಿಡಿತ ಬೇಕು, ಸುಡುತ್ತಾರೆ. ಕುಣಿಗಲ್ ಬೈಪಾಸಿನಲ್ಲಿ ನಮಗೆ ಅದು ಯಾಕೆ?

ಹ್ಯಾಚ್‌ಬ್ಯಾಕ್‌ನ ವಿಷಯ ಸ್ವಾರಸ್ಯದ್ದು. 1984ರಲ್ಲಿ ಎಸ್. ಆರ್. ಅಹ್ಮದ್ ಮತ್ತು ಸಂಗಡಿಗರು ಕಾರಿನಂಥ ಒಂದು ಸರಳ ಡಬ್ಬಿ ಮಾಡಿ, ಅದರ ಹಿಂಬದಿಯ ಇಳಿಜಾರನ್ನು ಬದಲಿಸುತ್ತಾ ಗಾಳಿಸುರಂಗದಲ್ಲಿ ಅಳೆದರು. ಇಳಿಜಾರು ಸುಮಾರು 30 ಡಿಗ್ರಿ ಆದಾಗ ತಡೆ ಎಲ್ಲಕ್ಕಿಂತ ಹೆಚ್ಚು. ಅದಕ್ಕಿಂತ ಕಡಿದಾದರೆ ತಡೆ ತಟ್ಟನೆ ಇಳಿಯುತ್ತದೆ! ಕಾರಣ ಇಷ್ಟೇ. 30 ಡಿಗ್ರಿ ಹತ್ತಿರ ಗಾಳಿ ಅರ್ಧ ಅಂಟಿಕೊಂಡು ಅರ್ಧ ಬಿಡುತ್ತದೆ. ಎರಡೂ ಪಕ್ಕದ ಅಂಚಿನಿಂದ ಹಗ್ಗ ಹೊಸೆದಂತೆ ಎರಡು ಬಲವಾದ ಸುಳಿ ಹುಟ್ಟುತ್ತವೆ. ಇನ್ನೂ ಕಡಿದಾದರೆ ಗಾಳಿ ಚಾವಣಿಯ ಅಂಚಿನಲ್ಲೇ ಕಳಚಿಕೊಳ್ಳುತ್ತದೆ, ಆ ಸುಳಿಗಳೂ ಸಾಯುತ್ತವೆ.

ರೂಫ್ ಸ್ಪಾಯ್ಲರ್ ಮಾಡುವುದು ಇದನ್ನೇ. ಗಾಳಿಗೆ "ಇಲ್ಲೇ ಬಿಡು" ಅಂತ ಒಂದು ಗೆರೆ ಹಾಕಿಕೊಡುತ್ತದೆ. ಗಾಜಿನ ಮೇಲೆ ಅರೆಬರೆ ಜಾರಲು ಬಿಡುವುದಿಲ್ಲ. ಹಿಂಬದಿಯನ್ನು ಚೂಪಾಗಿ ಎಳೆಯದೆ ಒಂದು ಕಡೆ ಕಡಿದು ಬಿಡುವ ಈ ಉಪಾಯ ಹಳೆಯದು. 1930ರ ದಶಕದಲ್ಲೇ ಜರ್ಮನಿಯ ವುನಿಬಾಲ್ಡ್ ಕಾಮ್ ಇದರ ಮೇಲೆ ಕೆಲಸ ಮಾಡಿದ್ದರು. ಟೊಯೊಟಾ ಪ್ರಿಯಸ್‌ನ ಬೆನ್ನು ಹಾಗೆ ಕತ್ತರಿಸಿದಂತೆ ಇರುವುದು ಇದೇ ಲೆಕ್ಕಾಚಾರದಿಂದ.

ಫೋನಿನಲ್ಲಿ ಲೆವೆಲ್ ಆ್ಯಪ್ ಇರುತ್ತದೆ. ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಹಿಂದಿನ ಗಾಜಿನ ಮೇಲೆ ಫೋನ್ ಇಟ್ಟು ಕೋನ ನೋಡಿ. ನೆಲದ ಮಟ್ಟಕ್ಕೆ 25ರಿಂದ 35 ಡಿಗ್ರಿ ಒಳಗಿದ್ದರೆ ಸ್ಪಾಯ್ಲರ್‌ನಿಂದ ಏನಾದರೂ ಬದಲಾಗುವ ಸಂಭವ ಜಾಸ್ತಿ. 60–70 ಡಿಗ್ರಿ ಇರುವ ಡಬ್ಬಿಯಂಥ ಕಾರುಗಳಲ್ಲಿ ಗಾಳಿ ಹೇಗೂ ಅಂಚಿನಲ್ಲೇ ಕಳಚಿರುತ್ತದೆ. ಅಲ್ಲಿ ಸ್ಪಾಯ್ಲರ್ ಅಂಚನ್ನು ಸ್ವಲ್ಪ ಹಿಂದಕ್ಕೆ, ಸ್ವಲ್ಪ ಕೆಳಕ್ಕೆ ಒಯ್ದು ಸುಳಿಯ ಗಾತ್ರವನ್ನು ಕುಗ್ಗಿಸುತ್ತದೆ.

ಒಂದು ಮಾತು ನೆನಪಿರಲಿ. ಕಂಪನಿಯಿಂದಲೇ ಬಂದ ರೂಫ್ ಸ್ಪಾಯ್ಲರ್ ಸುಮ್ನೆ ಅಂದಕ್ಕೆ ಇಟ್ಟದ್ದಲ್ಲ. ಪ್ರಯೋಗಕ್ಕೆ ಅಂತ ಅದನ್ನು ಬಿಚ್ಚಬೇಡಿ. ಮೇಲಿನ ಬ್ರೇಕ್ ದೀಪ ಬಹಳಷ್ಟು ಕಾರುಗಳಲ್ಲಿ ಅದರೊಳಗೇ ಇರುತ್ತದೆ.

ಹೆಜ್ಜೆ 2: ದಾರ ಕಟ್ಟಿ ಗಾಳಿ ನೋಡಿ

ಇದು ನನಗೆ ಬಹಳ ಇಷ್ಟವಾದ ಪ್ರಯೋಗ. ಖರ್ಚು ಐವತ್ತು ರೂಪಾಯಿ ದಾಟದು. ಗಾಢ ಬಣ್ಣದ ಉಣ್ಣೆ ದಾರ ತನ್ನಿ. ಕಾರು ಕಪ್ಪಾಗಿದ್ದರೆ ಬಿಳಿ ದಾರ. ಒಂದು ಗೇಣಿಗಿಂತ ಚಿಕ್ಕದಾಗಿ, 10 ಸೆಂಟಿಮೀಟರ್ ಉದ್ದದ ತುಂಡು ಮಾಡಿ. ಚಾವಣಿಯ ಹಿಂದಿನ ಅರ್ಧ, ಹಿಂದಿನ ಗಾಜು, ಡಿಕ್ಕಿ ಮತ್ತು ಆ ಗಾಜಿನ ಎರಡೂ ಪಕ್ಕ ಚಾವಣಿಯನ್ನು ಹೊತ್ತಿರುವ ಕಂಬಗಳ ಮೇಲೆ ಒಂದು ಗೇಣಿಗೊಂದರಂತೆ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪಿನಿಂದ ಮುಂದಿನ ತುದಿಯನ್ನು ಮಾತ್ರ ಅಂಟಿಸಿ. ಹಿಂದಿನ ತುದಿ ಆಡುವಂತಿರಲಿ.

ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ 70–80ರಲ್ಲಿ ಹೋಗಿ. ಪಕ್ಕದ ಲೇನಿನಲ್ಲಿ ಸ್ನೇಹಿತನ ಕಾರು, ಅದರಲ್ಲಿ ಕೂತ ಇನ್ನೊಬ್ಬರು ವೀಡಿಯೊ ತೆಗೆಯಲಿ. ಓಡಿಸುವವರು ಫೋನ್ ಮುಟ್ಟಬಾರದು. ಅಂತರ ಬಿಟ್ಟು ಹೋಗಿ, ವೀಡಿಯೊ ಆಮೇಲೆ ಹಿಗ್ಗಿಸಿ ನೋಡಬಹುದು.

ದಾರ ನೆಟ್ಟಗೆ ಹಿಂದಕ್ಕೆ ಮಲಗಿದ್ದರೆ ಗಾಳಿ ಅಂಟಿಕೊಂಡಿದೆ. ದಾರ ಕುಣಿಯುತ್ತಿದ್ದರೆ, ಅಥವಾ ತಿರುಗಿ ಮುಂದಕ್ಕೆ ನೋಡುತ್ತಿದ್ದರೆ ಅಲ್ಲಿ ಸುಳಿ ಇದೆ. ಪಕ್ಕದ ಕಂಬದ ಹತ್ತಿರ ದಾರಗಳು ಓರೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ ಅಹ್ಮದ್ ಹೇಳಿದ ಆ ಹಗ್ಗದ ಸುಳಿಯನ್ನೇ ನೀವು ನೋಡುತ್ತಿದ್ದೀರಿ.

ಸೆಡಾನ್‌ನವರು ಡಿಕ್ಕಿಯ ಮೇಲಿನ ದಾರಗಳನ್ನು ಗಮನಿಸಿ. ಎಲ್ಲವೂ ಅಂಚಿನವರೆಗೆ ನೆಟ್ಟಗೆ ಮಲಗಿದ್ದರೆ ಗಾಳಿ ಅಲ್ಲಿವರೆಗೆ ಚೆನ್ನಾಗಿ ಹರಿದು ಬಂದಿದೆ. ಚಿಕ್ಕ ಲಿಪ್ ಸ್ಪಾಯ್ಲರ್ ಅಲ್ಲಿ ಒತ್ತಡವನ್ನು ತುಸು ಏರಿಸಿ ಹಿಂಬದಿ ಮೇಲೇಳುವುದನ್ನು ತಗ್ಗಿಸಬಹುದು. ಹಿಂದಿನ ಗಾಜಿನಿಂದಲೇ ದಾರಗಳು ಹುಚ್ಚು ಹಿಡಿದಂತೆ ಕುಣಿಯುತ್ತಿದ್ದರೆ ಲಿಪ್‌ಗೆ ಅಲ್ಲಿ ಕೆಲಸವೇ ಇಲ್ಲ. ಹಣ ಉಳಿಯಿತು.

ದಾರ ಕಟ್ಟಲು ಬೇಸರವಾದರೆ ಧೂಳು ನೋಡಿ. ಹ್ಯಾಚ್‌ಬ್ಯಾಕ್‌ನ ಹಿಂದಿನ ಗಾಜಿಗೆ ವೈಪರ್ ಇದ್ದು ಸೆಡಾನ್‌ಗೆ ಸಾಮಾನ್ಯವಾಗಿ ಇಲ್ಲದಿರುವುದು ಯಾಕೆ ಅಂತ ಯೋಚಿಸಿದ್ದೀರಾ? ಸುಳಿ ಧೂಳನ್ನು ಎತ್ತಿ ತಂದು ಗಾಜಿಗೆ ಬಳಿಯುತ್ತದೆ, ಅದಕ್ಕೆ.

ಹೆಜ್ಜೆ 3: ಮೊದಲು ನಿಮ್ಮ ಅಳತೆಯನ್ನೇ ಅಳೆಯಿರಿ

ಈ ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನೀವು ಹುಡುಕುತ್ತಿರುವುದು 1% ವ್ಯತ್ಯಾಸ. ಅದನ್ನು ಮುಚ್ಚಿಹಾಕುವ ಸಂಗತಿಗಳು ಎಷ್ಟಿವೆ ನೋಡಿ.

ಎತ್ತರ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಮೈಸೂರು ಸುಮಾರು 770. ಹೋಗುವಾಗ ನಿಮ್ಮ ಕಾರು 150 ಮೀಟರ್ ಕೆಳಗಿಳಿಯುತ್ತದೆ. 1,150 ಕಿಲೋ ಕಾರಿಗೆ ಇದು ಸುಮಾರು 0.18 ಲೀಟರ್ ಪೆಟ್ರೋಲಿಗೆ ಸಮ. ಹೋಗುವ ದಾರಿಗೆ ಏಳೂವರೆ ಲೀಟರ್ ಬೇಕು ಅಂದರೆ 2%ಗಿಂತ ಜಾಸ್ತಿ. "ಮೈಸೂರಿಗೆ ಹೋಗುವಾಗ ಒಳ್ಳೆ ಮೈಲೇಜ್ ಕೊಡ್ತು" ಅನ್ನುವವರು ಇದನ್ನು ಮರೆತಿರುತ್ತಾರೆ.

ಗಾಳಿ: 100ರಲ್ಲಿ ಹೋಗುವಾಗ ಎದುರಿನಿಂದ 20 ಕಿ.ಮೀ. ಗಾಳಿ ಬೀಸಿದರೆ ಗಾಳಿಯ ತಡೆ 44% ಏರುತ್ತದೆ. ಬರುವಾಗ ಅದೇ ಗಾಳಿ ಬೆನ್ನಿಗೆ ಸಿಕ್ಕರೆ 36% ಇಳಿಯುತ್ತದೆ. ಹೋಗಿ ಬಂದರೆ ಸರಿಹೋಗುತ್ತೆ ಅನ್ನಬೇಡಿ. ಸರಾಸರಿ ತೆಗೆದರೂ ತಡೆ 4% ಹೆಚ್ಚೇ ಉಳಿಯುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಲ್ಲ. ಆಷಾಢದ ಗಾಳಿಯಲ್ಲಿ ಆ ಕಡೆ ಹೋಗಿ ಸ್ಪಾಯ್ಲರ್ ಪರೀಕ್ಷೆ ಮಾಡುವುದು ಬಿರುಗಾಳಿಯಲ್ಲಿ ಚಿನ್ನ ತೂಗಿದಂತೆ.

ಬಿಸಿಲು: ಬೆಳಿಗ್ಗೆ 20 ಡಿಗ್ರಿ, ಮಧ್ಯಾಹ್ನ 35 ಡಿಗ್ರಿ ಇದ್ದರೆ ಗಾಳಿಯ ಸಾಂದ್ರತೆ ಸುಮಾರು 5% ಕಡಿಮೆಯಾಗುತ್ತದೆ. ತಡೆಯೂ ಅಷ್ಟೇ ಇಳಿಯುತ್ತದೆ. ಆದರೆ ಎಸಿ ಜಾಸ್ತಿ ಕುಡಿಯುತ್ತದೆ.

ಪೆಟ್ರೋಲ್: ಎಥನಾಲ್ 20% ಬೆರೆತ ಪೆಟ್ರೋಲಿನಲ್ಲಿ 10% ಬೆರೆತದ್ದಕ್ಕಿಂತ ಶಕ್ತಿ 3%ಗಿಂತ ತುಸು ಹೆಚ್ಚೇ ಕಡಿಮೆ. ಹೋದ ವರ್ಷಗಳ ನಿಮ್ಮ ಮೈಲೇಜ್ ಡೈರಿಗೂ ಈಗಿನದಕ್ಕೂ ಹೋಲಿಸಬೇಡಿ.

ಟ್ಯಾಂಕು: ಬಂಕಿನಲ್ಲಿ ಗನ್ ಕಟ್ ಆಗುವ ಜಾಗ ಪ್ರತಿ ಸಲ ಒಂದೇ ಇರುವುದಿಲ್ಲ. ಅರ್ಧ ಲೀಟರ್ ಹೆಚ್ಚುಕಡಿಮೆ ಆದರೆ, 300 ಕಿ.ಮೀ. ಓಟದಲ್ಲಿ ಅದೇ 3% ತಪ್ಪು.

ಹಾಗಾದರೆ ಏನು ಮಾಡಬೇಕು? ಸ್ಪಾಯ್ಲರ್ ಹಾಕುವ ಮೊದಲೇ, ಏನೂ ಬದಲಿಸದೆ, ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಬೇರೆ ಬೇರೆ ದಿನ ಮೂರು ಸಲ ಅಳೆಯಿರಿ. 18.4, 17.7, 18.1 ಬಂತು ಅಂತಿಟ್ಟುಕೊಳ್ಳಿ. ಏನೂ ಮಾಡದೆಯೇ ಸುಮಾರು 4% ಓಲಾಡುತ್ತಿದೆ. ಈ ಓಲಾಟದೊಳಗೆ ಬೀಳುವ ಯಾವ "ಲಾಭ"ವನ್ನೂ ನಂಬುವ ಹಾಗಿಲ್ಲ.

ಹೆಜ್ಜೆ 4: ನಿಜವಾದ ಪರೀಕ್ಷೆ

ರಸ್ತೆ ನೇರ, ಸಮತಟ್ಟು, ಸಿಗ್ನಲ್ ಇಲ್ಲದ್ದು ಇರಲಿ. 15–20 ಕಿಲೋಮೀಟರ್ ಸಾಕು. ಎನ್‌ಎಚ್ 48ರಲ್ಲಿ ಶಿರಾ–ಹಿರಿಯೂರು ನಡುವಿನ ಭಾಗ ಗಾಳಿ ಇಲ್ಲದ ದಿನ ಚೆನ್ನಾಗಿದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕ್ಯಾಮೆರಾ ಇವೆ, ಮಿತಿ 100. ನಮಗೆ ಬೇಕಾದದ್ದೂ ಅಷ್ಟರೊಳಗೇ.

ಬೆಳಿಗ್ಗೆ ಆರರ ಹೊತ್ತಿಗೆ ಶುರು ಮಾಡಿ. ಎಲೆ ಅಲ್ಲಾಡುತ್ತಿದ್ದರೆ ಮನೆಗೆ ಹೋಗಿ ಕಾಫಿ ಕುಡಿಯಿರಿ, ಇನ್ನೊಂದು ದಿನ ಬನ್ನಿ. ಟೈರಿನ ಗಾಳಿ ತಣ್ಣಗಿರುವಾಗಲೇ ಸರಿಮಾಡಿ. ಎಂಜಿನ್, ಗೇರ್‌ಬಾಕ್ಸ್, ಟೈರು ಬಿಸಿಯಾಗಲು ಅರ್ಧ ಗಂಟೆ ಓಡಿಸಿ. ಎಸಿ ಆಫ್, ಕಿಟಕಿ ಪೂರ್ತಿ ಮುಚ್ಚಿರಲಿ. ಕ್ರೂಸ್ ಕಂಟ್ರೋಲ್ ಇದ್ದರೆ 90ಕ್ಕೆ ಇಡಿ. ಇಲ್ಲದಿದ್ದರೆ ಪಕ್ಕದಲ್ಲಿ ಕೂತವರು ಜಿಪಿಎಸ್ ವೇಗ ಓದುತ್ತಿರಲಿ. ಲಾರಿಯ ಹಿಂದೆ ಹತ್ತಿರ ಹೋಗಬೇಡಿ. ಅಲ್ಲಿ ಗಾಳಿ ಕಡಿಮೆ, ಲೆಕ್ಕ ಕೆಡುತ್ತದೆ. ಪ್ರಾಣಕ್ಕೂ ಅಪಾಯ.

ಡ್ಯಾಶ್‌ಬೋರ್ಡಿನ ಸರಾಸರಿ ಮೈಲೇಜನ್ನು ಓಡುತ್ತಿರುವಾಗಲೇ ಒಂದು ಗುರುತಿನ ಕಲ್ಲಿನ ಹತ್ತಿರ ಪಕ್ಕದವರ ಕೈಯಲ್ಲಿ ರೀಸೆಟ್ ಮಾಡಿಸಿ, ಇನ್ನೊಂದು ಗುರುತಿನ ಹತ್ತಿರ ಓದಿಸಿ. ಆ ಮೀಟರು ನಿಜಕ್ಕಿಂತ ಹೆಚ್ಚು ತೋರಿಸಬಹುದು, ಚಿಂತೆಯಿಲ್ಲ. ಪ್ರತಿ ಸಲ ಅಷ್ಟೇ ತಪ್ಪು ತೋರಿಸಿದರೆ ಹೋಲಿಕೆಗೆ ಸಾಕು. ಓಬಿಡಿ ಪೋರ್ಟಿಗೆ (ಮೆಕ್ಯಾನಿಕ್ ಕಾರಿನ ಕಂಪ್ಯೂಟರ್ ಓದಲು ಬಳಸುವ ಸಾಕೆಟ್) ಸಿಕ್ಕಿಸುವ ಬ್ಲೂಟೂತ್ ಸಾಧನ ಇದ್ದರೆ ಇನ್ನೂ ವಾಸಿ. ಒಂದು ಸುತ್ತು ಅಂದರೆ ಹೋಗಿ ಬಂದದ್ದು.

ಬಿಚ್ಚಬಹುದಾದ ರೆಕ್ಕೆ ಆದರೆ ಕ್ರಮ ಹೀಗಿರಲಿ: ರೆಕ್ಕೆ ಇಟ್ಟು ಎರಡು ಸುತ್ತು, ಬಿಚ್ಚಿ ಎರಡು ಸುತ್ತು, ಮತ್ತೆ ಹಾಕಿ ಎರಡು ಸುತ್ತು. ಮೊದಲಿನ ಮತ್ತು ಕೊನೆಯ ಅಳತೆ ಹೊಂದಿದರೆ ಮಾತ್ರ ನಡುವಿನದನ್ನು ನಂಬಿ. ಹೊಂದದಿದ್ದರೆ ಬಿಸಿಲೋ ಗಾಳಿಯೋ ನಡುವೆ ಬದಲಾಗಿದೆ. ರಟ್ಟು, ಟೇಪು ಸೇರಿಸಿ ತಾತ್ಕಾಲಿಕ ಸ್ಪಾಯ್ಲರ್ ಮಾಡಿ ಹೈವೇಗೆ ಹೋಗುವ ಐಡಿಯಾ ಬಂದರೆ ಅಲ್ಲೇ ಬಿಡಿ. ಹಾರಿಹೋಗಿ ಹಿಂದಿನ ಬೈಕಿನವರಿಗೆ ಬಡಿದರೆ ಗತಿಯೇನು?

ನ್ಯೂಟ್ರಲ್‌ನಲ್ಲಿ ಬಿಟ್ಟು 90ರಿಂದ 70ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಬೇಕು ಅಂತ ನೋಡುವ ಇನ್ನೊಂದು ಪದ್ಧತಿಯೂ ಇದೆ. ನಮ್ಮ ಉದಾಹರಣೆಯ ಕಾರಿಗೆ ಅದು ಸುಮಾರು 21 ಸೆಕೆಂಡ್. ಸ್ಪಾಯ್ಲರ್ 2% ತಡೆ ಇಳಿಸಿದರೆ ಬರುವ ವ್ಯತ್ಯಾಸ ಕಾಲು ಸೆಕೆಂಡ್. ನಿಮ್ಮ ಬೆರಳು ಸ್ಟಾಪ್‌ವಾಚ್ ಒತ್ತುವುದರಲ್ಲೇ ಅಷ್ಟು ಹೋಗುತ್ತದೆ. ಹೈವೇನಲ್ಲಿ ನ್ಯೂಟ್ರಲ್ ಮಾಡಿ ಹಿಂದಿನವರನ್ನು ಗಾಬರಿಪಡಿಸುವಷ್ಟು ಬೆಲೆ ಅದಕ್ಕಿಲ್ಲ.

ಹೆಜ್ಜೆ 5: ಹಣದ ಲೆಕ್ಕ

ತಿಂಗಳಿಗೆ 1,000 ಕಿ.ಮೀ. ಹೈವೇ ಓಟ, ಲೀಟರಿಗೆ 18, ಪೆಟ್ರೋಲ್ ₹100 ಅಂತ ಹಿಡಿಯಿರಿ. ಸುಮಾರು 55 ಲೀಟರ್ ಬೇಕು. 1% ಉಳಿದರೆ ತಿಂಗಳಿಗೆ ₹55. ಸ್ಪಾಯ್ಲರ್, ಬಣ್ಣ, ಕೂಲಿ ಸೇರಿ ₹6,000 ಆದರೆ ಅಸಲು ಬರಲು ಒಂಬತ್ತು ವರ್ಷ.

ಅದೇ 1% ಬೇರೆ ಕಡೆ ಪುಕ್ಕಟೆ ಸಿಗುತ್ತದೆ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಲ್ಲಿ ನಾಲ್ಕೂ ಟೈರಿನ ಸರಾಸರಿ ಒತ್ತಡ 1 ಪಿಎಸ್‌ಐ ಇಳಿದರೆ ಮೈಲೇಜ್ 0.2% ಇಳಿಯುತ್ತದೆ. ಐದು ಪಿಎಸ್‌ಐ ಕಡಿಮೆ ಇರುವ ಟೈರಿನಲ್ಲಿ ಸ್ಪಾಯ್ಲರ್‌ನ ಲಾಭ ಪೂರ್ತಿ ಮುಳುಗಿತು. ಚಾವಣಿಯ ಮೇಲೆ ದೊಡ್ಡ ಲಗೇಜ್ ಬಾಕ್ಸ್ ಇಟ್ಟರೆ ಹೈವೇ ಮೈಲೇಜ್ 6ರಿಂದ 17% ಹೋಗಬಹುದು ಅಂತಲೂ ಅದೇ ಇಲಾಖೆ ಹೇಳುತ್ತದೆ. ತಿರುಪತಿಗೆ ಹೋಗಿ ಬಂದು ಆರು ತಿಂಗಳಾದರೂ ಕ್ಯಾರಿಯರ್ ಬಿಚ್ಚದವರು ನಮ್ಮಲ್ಲಿ ಎಷ್ಟು ಜನ!

ಇನ್ನು ವೇಗ. 100ರಿಂದ 80ಕ್ಕೆ ಬಂದರೆ ಒಟ್ಟು ತಡೆ 410ರಿಂದ 310ಕ್ಕೆ, ಅಂದರೆ ಸುಮಾರು ಕಾಲುಭಾಗ ಇಳಿಯುತ್ತದೆ. ಕಡಿಮೆ ಹೊರೆಯಲ್ಲಿ ಎಂಜಿನ್ ಅಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ಪೂರ್ತಿ ಅಷ್ಟು ಉಳಿಯದು. ಆದರೂ ಯಾವ ಸ್ಪಾಯ್ಲರೂ ಅದರ ಹತ್ತಿರ ಸುಳಿಯದು. ಅಮ್ಮ ನನಗೆ ಕೊಟ್ಟದ್ದು ಇದೇ ಉಳಿತಾಯ.

ಆದರೂ ಹಾಕಿಸುವುದಾದರೆ

ಅಂದಕ್ಕಾಗಿ ಹಾಕಿಸುತ್ತೇನೆ ಅಂದರೆ ತಪ್ಪೇನಿಲ್ಲ. ಸ್ಥಿರತೆಯ ಕಾರಣವೂ ನಿಜ. ಮೊದಲ ಆಡಿ ಟಿಟಿ ಜರ್ಮನಿಯ ಹೈವೇಗಳಲ್ಲಿ ಅತಿ ವೇಗದಲ್ಲಿ ಹಿಡಿತ ತಪ್ಪಿ ಅಪಘಾತಗಳಾದ ಮೇಲೆ ಕಂಪನಿ ಕಾರುಗಳನ್ನು ಹಿಂದಕ್ಕೆ ಕರೆಸಿ ಹಿಂದಿನ ಸ್ಪಾಯ್ಲರ್ ಮತ್ತು ಇಎಸ್‌ಪಿ (ಕಾರು ಜಾರದಂತೆ ತಾನೇ ಚಕ್ರಗಳಿಗೆ ಬ್ರೇಕ್ ಹಾಕುವ ವ್ಯವಸ್ಥೆ) ಕೂರಿಸಿತು. ಹಿಂಬದಿ ಹಗುರಾಗಿ ಮೇಲೇಳದಂತೆ ತಡೆಯಲು ಆ ಸ್ಪಾಯ್ಲರ್, ಮೈಲೇಜಿಗಲ್ಲ. ನಮ್ಮ ಮಿತಿಯ ವೇಗದಲ್ಲಿ ಆ ಸಮಸ್ಯೆ ಅಷ್ಟಾಗಿ ಬರುವುದೂ ಇಲ್ಲ.

ನಿಮ್ಮ ಮಾಡೆಲ್‌ಗೆ ಅಂತ ಕಂಪನಿಯೇ ಮಾರುವ ಸ್ಪಾಯ್ಲರ್ ತಗೊಳ್ಳಿ. ಚಾವಣಿಯ ಗೆರೆಯನ್ನು ಮುಂದುವರಿಸುವಂಥದ್ದು ಇರಲಿ, ಮೇಲಕ್ಕೆ ಎದ್ದು ನಿಲ್ಲುವುದು ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿ ಎತ್ತಿಹಿಡಿದಿದೆ. ಕಾರಿನ ಅಗಲ ಮೀರಿ ಚಾಚುವ, ಬ್ರೇಕ್ ದೀಪ ಮರೆಮಾಡುವ ರೆಕ್ಕೆಯ ಗೋಜಿಗೆ ಹೋಗಬೇಡಿ. ಬೆಲೆಬಾಳುವುದಾದರೆ ವಿಮೆಯಲ್ಲಿ ಆಕ್ಸೆಸರಿ ಅಂತ ಬರೆಸಿ.

ತೂತು ಕೊರೆಯುವುದಾದರೆ ನಿಂತು ನೋಡಿ. ಕೊರೆದ ಬರಿ ಕಬ್ಬಿಣಕ್ಕೆ ಪ್ರೈಮರ್ ಹಚ್ಚಬೇಕು, ರಬ್ಬರ್ ವಾಷರ್ ಹಾಕಬೇಕು, ಸೀಲಂಟ್ ತುಂಬಬೇಕು. ಆ ಅಂಗಡಿಯಲ್ಲಿ ನನ್ನ ಕಾರಿಗೆ ಮೂರನ್ನೂ ಮಾಡಿರಲಿಲ್ಲ. ಎರಡನೇ ಮಳೆಗಾಲಕ್ಕೆ ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಂತಿತ್ತು. ರೆಕ್ಕೆ ಈಗ ಅಟ್ಟದ ಮೇಲಿದೆ. ನಾಲ್ಕು ತೂತಿಗೆ ರಬ್ಬರ್ ಬಿರಡೆ ಹಾಕಿಸಿದ್ದೇನೆ. ಆದರೂ ಜೋರು ಮಳೆ ಬಂದ ಮರುದಿನ ಡಿಕ್ಕಿ ತೆಗೆದು ಕಾರ್ಪೆಟ್ ಮುಟ್ಟಿ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ.